ಮೆತ್ತೆ ಹೊದಿಸಿದ ಮನೆ

ಸೋಫಾ ಮೇಸ್ತ್ರಿಯ ಮನೆಗೆ ಮೊದಲ ಸಲ ಹೋದವರು ತಬ್ಬಿಬ್ಬಾಗದೆ ಇರುವುದಿಲ್ಲ. ಮೇಜಿನ ಮೂಲೆಗೆ ಸ್ಪಂಜು. ಮಂಚದ ಕಾಲಿಗೆ ಸ್ಪಂಜು. ಕಿಟಕಿಯ ಅಂಚಿಗೆ, ಗೋಡೆಯ ಮೂಲೆಗೆ, ಮೆಟ್ಟಿಲಿಗೆ, ಕೊನೆಗೆ ಅಡುಗೆಮನೆಯ ಕಟ್ಟೆಗೂ ಸ್ಪಂಜು. ಅದರ ಮೇಲೆ ರೆಕ್ಸಿನ್ ಹೊದಿಕೆ, ಅಂಚಿಗೆ ಸಾಲಾಗಿ ಮೊಳೆ. ಒಮ್ಮೆ ಕರೆಂಟು ಬಿಲ್ ಕೊಡಲು ಬಂದವನು ಮೆಟ್ಟಿಲನ್ನೇ ಸೋಫಾ ಎಂದುಕೊಂಡು ಆರಾಮಾಗಿ ಒರಗಲು ಹೋಗಿ ಹಿಂದಕ್ಕೆ ಬಿದ್ದನಂತೆ. ಬೀದಿಯವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ನಗಲಿ ಬಿಡಿ. ಮೇಸ್ತ್ರಿ ಸುಮ್ಮನೆ ಹಾಗೆ ಮಾಡಿದವನಲ್ಲ. ಅವನಿಗೆ ಒಬ್ಬಳೇ ಮಗಳು. ತಾಯಿ ಇಲ್ಲದ ಆ ಮಗುವನ್ನು ಎತ್ತಿ ಆಡಿಸಿ ಬೆಳೆಸಿದವಳು ಮೇಸ್ತ್ರಿಯ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ. ಬಾಯಿ ತೆರೆದರೆ ಮುಚ್ಚುವ ಪೈಕಿ ಅಲ್ಲದ ಹುಡುಗಿಗೆ ಅತ್ತೆಯೇ 'ಮಾತಿನ ಮಲ್ಲಿ' ಎಂದು ಅಡ್ಡಹೆಸರಿಟ್ಟಳು. ಬರುಬರುತ್ತಾ ಬರೀ ಮಲ್ಲಿ ಎಂದಾಯಿತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಸೋಫಾದ ಮರದ ಚೌಕಟ್ಟು ಕಟ್ಟಿದರೆ ಮಗಳು ಅದಕ್ಕೆ ಹೊದಿಕೆ ಹೊಲಿಯುತ್ತಿದ್ದಳು. ಮೂಲೆಗಳನ್ನು ಮಡಚಿ ಹೊಲಿಯಲು ಡೊಂಕಾದ ಸೂಜಿ ಬೇಕು. ಮಲ್ಲಿಯ ಹತ್ತಿರ ಅಂಥ ಸೂಜಿಗಳ ಒಂದು ತಗಡಿನ ಡಬ್ಬಿ ಇತ್ತು. ಅದನ್ನು ಯಾರಾದರೂ ಮುಟ್ಟಿದರೋ, ಅವರ ಕಥೆ ಮುಗಿಯಿತು!

ಒಂದು ಮಧ್ಯಾಹ್ನ ಬಟ್ಟೆ ಕತ್ತರಿಸುತ್ತಾ ನಿಂತಿದ್ದ ಮಲ್ಲಿ ದಿಢೀರನೆ ಬಿದ್ದಳು. ಕೈಕಾಲು ಸೆಟೆದು ಅದುರಿದವು. ಮೇಜಿನ ಮೂಲೆ ಬಡಿದು ಹುಬ್ಬು ಸೀಳಿಹೋಯಿತು. ಆಮೇಲೂ ಹಾಗೆಯೇ ಬೀಳುತ್ತಾ ಬಂದಾಗ ಡಾಕ್ಟರು ಪರೀಕ್ಷೆ ಮಾಡಿ ಮೂರ್ಛೆರೋಗ ಎಂದರು, ಮಾತ್ರೆ ಕೊಟ್ಟರು.

ಮೇಸ್ತ್ರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಯಾವುದು ಒತ್ತುತ್ತದೋ, ಯಾವುದು ಚುಚ್ಚುತ್ತದೋ ಅದಕ್ಕೆ ಮೆತ್ತೆ ಹೊದಿಸುವುದು. ಇಡೀ ಮನೆಗೆ ಹೊದಿಸಿದ. ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಹೊಲಿಗೆ ಯಂತ್ರವನ್ನು ಕೆಲಸಕ್ಕೆ ಬರುವ ಹೊಲಿಗೆಯಕ್ಕನಿಗೆ ಒಪ್ಪಿಸಿದ. ಬಚ್ಚಲಮನೆಯ ಚಿಲಕ ಕಿತ್ತು ಹಾಕಿದ. ಅತ್ತೆ ಆ ಬಾಗಿಲ ಮುಂದೆ ಮೆತ್ತನೆಯ ಸ್ಟೂಲು ಹಾಕಿಕೊಂಡು ಕೂತಳು.

"ಇದೀಯೇನೇ?" ಎಂದು ಹೊರಗಿಂದ ಅತ್ತೆ.

"ಇದೀನಿ ಅತ್ತೆ," ಎಂದು ಒಳಗಿಂದ ಮಲ್ಲಿ.

ತಲೆಗೆ ನೀರು ಹಾಕಿಕೊಂಡು ಮುಗಿಸುವಷ್ಟರಲ್ಲಿ ಈ ಸವಾಲು ಜವಾಬು ಎಷ್ಟು ಸಲವೋ.

ಸಂಜೆ ಹೊರಗಿನ ಕೆಲಸ ಮುಗಿಸಿ ಬಂದ ಮೇಸ್ತ್ರಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದುದು ಒಂದೇ ಪದ. "ಬಂತಾ?"

ಫಿಟ್ಸ್ ಬಂತಾ ಎಂದು ಅರ್ಥ. ಬಂದಿದ್ದರೆ ಮನೆಯೆಲ್ಲ ಸಪ್ಪೆ. ಬಂದಿಲ್ಲವಾದರೆ ಮನೆಯೆಲ್ಲ ಗೆಲುವು. ಬೇರೆ ಪ್ರಶ್ನೆಯೇ ಇರಲಿಲ್ಲ.

ಆಮೇಲೆ ಡಾಕ್ಟರು ಇನ್ನೊಂದು ಮಾತ್ರೆ ಸೇರಿಸಿದರು. ಫಿಟ್ಸ್ ನಿಂತಿತು. ದಿನ ಕಳೆದರೂ ಬರಲಿಲ್ಲ, ವಾರಗಳು ಕಳೆದರೂ ಬರಲಿಲ್ಲ. ಮೇಸ್ತ್ರಿ ಬೀದಿಗೆಲ್ಲ ಸಿಹಿ ಹಂಚಿದ. ಇನ್ನೇನು ಬೇಕು ಹೇಳಿ?

ಆದರೆ ಇಲ್ಲಿಂದಲೇ ಎಲ್ಲ ಗೋಜಲಾಯಿತು. ಫಿಟ್ಸ್ ಬರುತ್ತಿದ್ದಾಗ ಎದ್ದ ಕೂಡಲೇ "ನಾನು ಬಿದ್ದಾಗ ಮೇಜು ಮುರೀತಾ, ಇಲ್ವಾ?" ಎಂದು ತಮಾಷೆ ಮಾಡುತ್ತಿದ್ದ ಹುಡುಗಿ, ಅದು ನಿಂತ ಮೇಲೆ ಮಾತು ಬಿಟ್ಟಳು. ಹಾಸಿಗೆ ಬಿಟ್ಟು ಏಳಳು. ತಟ್ಟೆಯಲ್ಲಿ ಹಾಕಿದ್ದು ಹಾಗೇ ಒಣಗುತ್ತದೆ. ಕಿಟಕಿಯ ಹತ್ತಿರ ಕೂತು, ಅಂಚಿನ ರೆಕ್ಸಿನ್ ಮೇಲೆ ಉಗುರಿನಿಂದ ಗೀರುತ್ತಾ ಇರುತ್ತಾಳೆ.

"ಏನಾಗಿದೆಯಮ್ಮ ನಿಂಗೆ?" ಎಂದು ಮೇಸ್ತ್ರಿ ಕೇಳಿದ.

"ಗೊತ್ತಿಲ್ಲ ಅಪ್ಪ."

"ಫಿಟ್ಸ್ ಬಂದಂಗೆ ಆಗ್ತಿದೆಯಾ?"

"ಇಲ್ಲ."

"ಮತ್ತೆ ಸರಿ ಇದೀಯಲ್ಲ!"

ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. ಮೇಸ್ತ್ರಿ ತಲೆ ಕೆರೆದುಕೊಂಡ. ಬೀಳುತ್ತಿದ್ದಾಗ ನಗುತ್ತಿದ್ದವಳು, ಬೀಳದಿದ್ದಾಗ ಮಂಕಾಗುತ್ತಾಳೆಂದರೆ ಇದು ಯಾವ ಸೀಮೆಯ ಕಾಯಿಲೆ? ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ಅರ್ಥವಾಗದಿದ್ದರೂ ಕಾರಣ ಹೇಳಲು ಜನರಿಗೇನು ಬರವೇ? "ಮೈಗಳ್ಳತನ ಕಣೋ ತಮ್ಮ. ಒಂದು ಕಡ್ಡಿ ಎತ್ತಿ ಈ ಕಡೆಯಿಂದ ಆ ಕಡೆಗೆ ಇಡಲ್ಲ," ಎಂದಳು ಅತ್ತೆ. ಮಲ್ಲಿಯ ಕೈಯಿಂದ ಪೊರಕೆ, ಸೌಟು, ಬಕೆಟ್ಟು ಎಲ್ಲವನ್ನೂ ಕಿತ್ತುಕೊಂಡವಳು ತಾನೇ ಎಂಬುದು ಅವಳಿಗೆ ಮರೆತೇಹೋಗಿತ್ತು. "ಮನಸ್ಸಲ್ಲಿ ಯಾರೋ ಹುಡುಗ ಇರಬೇಕು," ಎಂದಳು ಹೊಲಿಗೆಯಕ್ಕ. ರಕ್ತ ಕಡಿಮೆಯಾಗಿದೆ ಎಂದು ಮೇಸ್ತ್ರಿ ಟಾನಿಕ್ ತಂದ. ಮಲ್ಲಿ ಅದನ್ನೂ ಕುಡಿದಳು, ತುಟಿಪಿಟಕ್ಕೆನ್ನದೆ.

ಆ ದಿನಗಳಲ್ಲೇ ಮಲ್ಲಿಗೆ ಮಾತ್ರೆ ಕೊಡುತ್ತಿದ್ದ ಫಿಟ್ಸ್ ಕ್ಲಿನಿಕ್ಕಿನಿಂದ ಒಂದು ಕೆಲಸ ಬಂದಿತ್ತು. ರೋಗಿಗಳನ್ನು ಮಲಗಿಸಿ ಪರೀಕ್ಷೆ ಮಾಡುವ ಮಂಚದ ಮೆತ್ತೆ ಹರಿದುಹೋಗಿದೆ, ಹೊಸದು ಮಾಡಿಕೊಡಿ ಎಂದು. ಮಗಳನ್ನು ನೋಡಿಕೊಂಡವರ ಕೆಲಸ ಎಂದು ಮೇಸ್ತ್ರಿ ಜೀವ ತೇಯ್ದು ಮಾಡಿದ. ಮಲ್ಲಿ ದಿನಾ ಬಂದು "ಇನ್ನೆಷ್ಟು ಉಳಿದಿದೆ ಅಪ್ಪ?" ಎಂದು ಕೇಳುತ್ತಿದ್ದಳು. ಅಷ್ಟಾದರೂ ಆಸಕ್ತಿ ಬಂತಲ್ಲ ಎಂದು ಅವನಿಗೆ ಸಮಾಧಾನ.

ಮೆತ್ತೆ ಮುಗಿದ ದಿನ ಬೆಳಗ್ಗೆ ಮಲ್ಲಿ ಬೇಗ ಎದ್ದಳು. ತಲೆ ಬಾಚಿಕೊಂಡಳು. ಅತ್ತೆಯ ಕೈಯ ತಿಂಡಿ ಹೊಗಳಿ ತಿಂದಳು. ತನ್ನ ಸೂಜಿ ಡಬ್ಬಿಯನ್ನು ತಂದು ಹೊಲಿಗೆಯಕ್ಕನ ಮಡಿಲಿಗೆ ಹಾಕಿ, "ಇಟ್ಕೊಳ್ಳಿ ಅಕ್ಕ, ನಂಗೆ ಬೇಡ. ತುಕ್ಕು ಹಿಡಿಯೋಕೆ ಬಿಡಬೇಡಿ," ಎಂದಳು. ಅಪ್ಪನ ಬೆನ್ನು ಸವರಿ "ನೀನು ತುಂಬ ಒಳ್ಳೆಯವನು ಕಣಪ್ಪ" ಎಂದಳು. ಮೇಸ್ತ್ರಿಗೆ ಕಣ್ಣು ತುಂಬಿ ಬಂತು. ತನ್ನ ಮಲ್ಲಿ ತನಗೆ ವಾಪಸು ಸಿಕ್ಕಳು ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಕ್ಲಿನಿಕ್ಕಿನ ನರ್ಸಮ್ಮ ಮೆತ್ತೆ ತೆಗೆದುಕೊಂಡು ಹೋಗಲು ಬಂದರು. ಮಲ್ಲಿಯನ್ನು ಮೊದಲಿನಿಂದಲೂ ಬಲ್ಲವರು.

"ಸಿಸ್ಟರ್, ಸರಿಯಾದ ದಿನ ಬಂದ್ರಿ!" ಎಂದು ಮೇಸ್ತ್ರಿ ಸಂಭ್ರಮಪಟ್ಟ. "ಇಷ್ಟು ದಿನ ಮೂಗಿ ಹಾಗೆ ಕೂತಿದ್ದಳು. ಊಟ ಇಲ್ಲ, ನಿದ್ದೆ ಇಲ್ಲ. ಇವತ್ತು ನೋಡಿ, ಒಂದೇ ನಗು! ತನ್ನ ಸೂಜಿ ಡಬ್ಬೀನೂ ಕೊಟ್ಟುಬಿಟ್ಟಳು. ಎಷ್ಟು ದೊಡ್ಡ ಮನಸ್ಸು ಅಂತೀರಿ!"

ಕೂರಲು ಹೊರಟಿದ್ದ ನರ್ಸಮ್ಮ ಕೂರಲಿಲ್ಲ. "ಆ ಡಬ್ಬಿನಾ? ಕ್ಲಿನಿಕ್ಕಿಗೆ ಬಂದಾಗಲೂ ಚೀಲದಲ್ಲಿ ಇಟ್ಕೊಂಡು ಬರ್ತಿದ್ದಳಲ್ಲ?"

"ಅದೇ!"

ನರ್ಸಮ್ಮ ಮಲ್ಲಿಯ ಪಕ್ಕ ಹೋಗಿ ಕೂತರು. "ಮಲ್ಲಿ, ನಿನ್ನ ಹತ್ರ ಸ್ವಲ್ಪ ಮಾತಾಡಬೇಕು. ಅಪ್ಪ, ಅತ್ತೆ ಇಲ್ಲೇ ಇರಲಾ? ಹೊರಗೆ ಹೋಗೋಕೆ ಹೇಳಲಾ?"

"ಇರಲಿ ಸಿಸ್ಟರ್. ಯಾವಾಗಲೂ ಇರ್ತಾರೆ."

"ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಬದುಕೋದೇ ಬೇಡ, ಸಾಯಬೇಕು ಅಂತ ಅನ್ನಿಸ್ತಿದೆಯಾ?"

ಮೇಸ್ತ್ರಿ ರೇಗಿದ. "ಏನ್ ಸಿಸ್ಟರ್ ನೀವು! ನಗ್ತಾ ಇರೋ ಹುಡುಗಿಗೆ ಇಲ್ಲದ ಯೋಚನೆ ತುಂಬ್ತೀರಾ?"

"ಬಿಡ್ತು ಅನ್ನಿ, ಬಿಡ್ತು ಅನ್ನಿ!" ಎಂದು ಅತ್ತೆ ಕೂಗಿದಳು.

"ಹೂಂ," ಎಂದಳು ಮಲ್ಲಿ.

ಎಲ್ಲರೂ ಅವಳ ಕಡೆ ತಿರುಗಿದರು.

"ಹೂಂ ಸಿಸ್ಟರ್. ಅನ್ನಿಸ್ತಿದೆ. ತುಂಬ ದಿನದಿಂದ. ಅಪ್ಪ, ಇವರು ತುಂಬಿದ್ದಲ್ಲ, ಅದು ಇತ್ತು. ಇವರು ಕೇಳಿದ್ರು ಅಷ್ಟೇ."

"ಯಾವಾಗ ಅಂತಾನೂ ಯೋಚನೆ ಮಾಡಿದ್ದೆಯಾ?" ನರ್ಸಮ್ಮನ ದನಿ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ.

ಮಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹೊಸ ಮೆತ್ತೆಯ ಕಡೆ ಕೈ ತೋರಿಸಿದಳು. "ಇದು ಮುಗೀಲಿ ಅಂತಿದ್ದೆ. ಕೆಲಸದ ಮಧ್ಯ ಅಪ್ಪನಿಗೆ ತೊಂದರೆ ಆಗಬಾರದು ಅಂತ. ಇವತ್ತು ಮುಗೀತಲ್ಲ."

ಮೇಸ್ತ್ರಿ ಆ ಮೆತ್ತೆಯನ್ನೇ ನೋಡಿದ. ದಿನಾ "ಇನ್ನೆಷ್ಟು ಉಳಿದಿದೆ ಅಪ್ಪ?" ಎಂದು ಕೇಳುತ್ತಿದ್ದುದು ಇದಕ್ಕೇ. ಅವನು ಒಂದೊಂದು ಮೊಳೆ ಹೊಡೆದಾಗಲೂ ಮಗಳ ದಿನ ಹತ್ತಿರ ಬರುತ್ತಿತ್ತು, ಅವನಿಗೆ ಗೊತ್ತೇ ಇರಲಿಲ್ಲ.

"ಯಾಕೆ ಮಲ್ಲಿ? ಫಿಟ್ಸ್ ನಿಂತಿದೆಯಲ್ಲೇ! ಏನು ಕಮ್ಮಿ ಮಾಡಿದ್ದೀನಿ ನಿಂಗೆ?" ಎಂದ.

"ನಂಗೇ ಗೊತ್ತಿಲ್ಲ ಅಪ್ಪ! ಅದೇ ಕಷ್ಟ." ಮಲ್ಲಿ ಈಗ ಅಳತೊಡಗಿದಳು. "ನಿಂತಿದೆ ಅಂತ ಎಲ್ಲರೂ ಖುಷಿಯಾಗಿದ್ದಾರೆ. ನಂಗೆ ಮಾತ್ರ ಖುಷಿ ಆಗ್ತಿಲ್ಲ. ಅಳ್ತಾ ಕೂತ್ರೆ ಕೃತಘ್ನಳು ಅಂತಾರೆ. ಬೆಳಗ್ಗೆ ಎದ್ದರೆ ಎದೆ ಮೇಲೆ ಕಲ್ಲು ಇಟ್ಟಂಗೆ ಇರತ್ತೆ. ಇದು ನನ್ನ ಯೋಚನೆನಾ, ಮಾತ್ರೆ ಯೋಚನೆನಾ, ಕಾಯಿಲೆ ಯೋಚನೆನಾ, ಒಂದೂ ತಿಳಿಯಲ್ಲ. ಕತ್ತರಿ ಇಲ್ಲ, ಯಂತ್ರ ಇಲ್ಲ, ಚಿಲಕ ಇಲ್ಲ. ಬಚ್ಚಲಲ್ಲಿ ಇದೀನಿ ಇದೀನಿ ಅಂತ ಕೂಗಿ ಕೂಗಿ, ನಿಜವಾಗ್ಲೂ ಇದೀನಾ ಅಂತ ಅನುಮಾನ ಬರತ್ತೆ. ಎಲ್ಲರಿಗೂ ಭಾರ ಆಗಿದೀನಿ ನಾನು."

ಅತ್ತೆಗೆ ಇಷ್ಟರಲ್ಲಿ ಒಂದೇ ಒಂದು ಮಾತು ಕಿವಿಗೆ ಬಿದ್ದಿತ್ತು. "ಮಾತ್ರೆ! ಆ ಹಾಳು ಮಾತ್ರೇನೇ ಇದನ್ನೆಲ್ಲ ಮಾಡಿರೋದು. ಈಗಲೇ ಚರಂಡಿಗೆ ಹಾಕ್ತೀನಿ," ಎಂದು ಎದ್ದೇಬಿಟ್ಟಳು.

"ನಿಲ್ಲಿ ಅತ್ತೆಯವರೇ!" ನರ್ಸಮ್ಮ ಎದ್ದು ಕೈ ಹಿಡಿದರು. "ಫಿಟ್ಸ್ ಮಾತ್ರೆ ತಟ್ಟಂತ ನಿಲ್ಲಿಸಬಾರದು. ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಕೆಲವು ಮಾತ್ರೆ ಕೆಲವರ ಮನಸ್ಸನ್ನ ಕುಗ್ಗಿಸೋದು ನಿಜ. ಹಾಗಾದ್ರೆ ಡಾಕ್ಟರಿಗೆ ಹೇಳಬೇಕು. ಅವರು ಬದಲಾಯಿಸ್ತಾರೆ, ನಿಧಾನಕ್ಕೆ. ನೀವು ಮಾಡೋದಲ್ಲ."

"ಹಂಗಾದ್ರೆ ಇದು ಮಾತ್ರೆಯಿಂದಾನೋ, ಕಾಯಿಲೆಯಿಂದಾನೋ, ನಮ್ಮಿಂದಾನೋ?" ಮೇಸ್ತ್ರಿಯ ತಲೆ ಗಿರ್ರೆನ್ನುತ್ತಿತ್ತು.

"ನಂಗೂ ಗೊತ್ತಿಲ್ಲ ಮೇಸ್ತ್ರಿ. ಎಲ್ಲದರಿಂದಾನೂ ಸ್ವಲ್ಪ ಸ್ವಲ್ಪ ಇರಬಹುದು. ಫಿಟ್ಸ್ ಬರೋದು ಮಿದುಳಲ್ಲಿ. ಮನಸ್ಸಿನ ಸುಖದುಃಖಾನೂ ಅಲ್ಲೇ ಅಲ್ವಾ? ಅದಕ್ಕೇ ಫಿಟ್ಸ್ ಇರೋರಿಗೆ ಖಿನ್ನತೆ ಬರೋದು ಜಾಸ್ತಿ. ಸಾಯೋ ಯೋಚನೆ ಬರೋದೂ ಬೇರೆಯವರಿಗಿಂತ ಜಾಸ್ತಿ. ಫಿಟ್ಸ್ ನಿಂತ ಮೇಲೂ ಬರಬಹುದು. ಇದು ಮೈಗಳ್ಳತನ ಅಲ್ಲ, ಕೊಬ್ಬೂ ಅಲ್ಲ. ಇದೂ ಒಂದು ಕಾಯಿಲೆ, ಇದಕ್ಕೂ ಔಷಧಿ ಇದೆ. ಕಾರಣ ಆಮೇಲೆ ಹುಡುಕೋಣ. ಈಗ ಆಸ್ಪತ್ರೆಗೆ ಹೊರಡೋಣ."

"ಇವತ್ತೇನಾ? ಇವತ್ತು ನಗ್ತಾ ಇದ್ದಳಲ್ಲ ಸಿಸ್ಟರ್."

"ತುಂಬ ದಿನ ಕುಗ್ಗಿದ್ದೋರು ಇದ್ದಕ್ಕಿದ್ದ ಹಾಗೆ ಶಾಂತವಾಗಿ, ಪ್ರೀತಿಯ ಸಾಮಾನು ಹಂಚೋಕೆ ಶುರು ಮಾಡಿದ್ರೆ ಅದು ಹುಷಾರಾಗಿದ್ದಲ್ಲ. ಒಳಗೊಳಗೇ ಏನೋ ನಿರ್ಧಾರ ಮಾಡಿರಬಹುದು. ಆವತ್ತೇ ಕೇಳಬೇಕು, ಆವತ್ತೇ ಕರ್ಕೊಂಡು ಹೋಗಬೇಕು."

ಮಾತ್ರೆಯ ಡಬ್ಬಿ ಅತ್ತೆಯ ಕೈಗೆ ಬಂತು. ಚರಂಡಿಗೆ ಹಾಕಲಿಕ್ಕಲ್ಲ, ತನ್ನ ಹತ್ತಿರ ಭದ್ರವಾಗಿಟ್ಟುಕೊಂಡು ಹೊತ್ತುಹೊತ್ತಿಗೆ ಒಂದೊಂದೇ ಕೊಡಲಿಕ್ಕೆ. ಕ್ಲಿನಿಕ್ಕಿಗೆ ಮೆತ್ತೆ ಹೊತ್ತು ಹೋಗಬೇಕಿದ್ದ ಗಾಡಿಯಲ್ಲಿ ಮಲ್ಲಿಯನ್ನು ಕೂರಿಸಿಕೊಂಡು ಎಲ್ಲರೂ ಹೊರಟರು. ಮೆತ್ತೆ ಗೋಡೆಗೆ ಒರಗಿಕೊಂಡು ಅಲ್ಲೇ ಉಳಿಯಿತು.

ಡಾಕ್ಟರು ಮಲ್ಲಿಯೊಬ್ಬಳೊಡನೆಯೇ ಬಹಳ ಹೊತ್ತು ಮಾತಾಡಿದರು. ಒಂದು ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ಬೇರೆಯದನ್ನು ಏರಿಸಿದರು. ಖಿನ್ನತೆಗೂ ಚಿಕಿತ್ಸೆ ಶುರುವಾಯಿತು. ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಆಪ್ತಸಲಹೆಗಾರರ ಹತ್ತಿರ ವಾರವಾರ ಹೋಗುವುದು ಎಂದಾಯಿತು. ಕೆಲವು ವಾರ ಅವಳ ಜೊತೆ ಯಾರಾದರೂ ಇರಲೇಬೇಕು ಎಂದರು.

"ಅದನ್ನೇ ತಾನೇ ನಾನು ಮಾಡ್ತಿದ್ದಿದ್ದು?" ಎಂದಳು ಅತ್ತೆ.

"ನೀವು ಕಾವಲಿದ್ರಿ ಅತ್ತೆಯವರೇ. ಜೊತೆ ಇರಲಿಲ್ಲ," ಎಂದರು ನರ್ಸಮ್ಮ. ಅತ್ತೆ ಆ ಮಾತನ್ನು ದಾರಿಯುದ್ದಕ್ಕೂ ಮೆಲುಕು ಹಾಕುತ್ತಾ ಬಂದಳು. ಪೂರ್ತಿ ಅರ್ಥವಾಯಿತೋ ಇಲ್ಲವೋ, ಮನೆಗೆ ಬಂದು ಮಲ್ಲಿಯ ಮುಂದೆ ಬಿಡಿಸಲು ಅವರೆಕಾಯಿ ಹಾಕಿ ತಾನೂ ಪಕ್ಕದಲ್ಲಿ ಕೂತಳು.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಮೇಸ್ತ್ರಿಗೆ ಹೊಸ ಪ್ರಶ್ನೆ ಕಲಿಯುವುದೇ ದೊಡ್ಡ ಪೀಕಲಾಟವಾಯಿತು. ಸಂಜೆ ಬಾಗಿಲಲ್ಲಿ ನಿಂತು, "ಬಂ..." ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡು, "ಇವತ್ತು ಮನಸ್ಸು... ಹೆಂಗಿದೆ?" ಎನ್ನುತ್ತಿದ್ದ.

"ಇದೇನಪ್ಪ, ಪೊಲೀಸ್ ವಿಚಾರಣೆ ಥರ!" ಎಂದು ಮಲ್ಲಿ ಒಮ್ಮೆ ನಕ್ಕಳು. ಇನ್ನೊಂದು ದಿನ "ಚೆನ್ನಾಗಿಲ್ಲ. ಮತ್ತೆ ಅದೇ ಯೋಚನೆ ಬಂತು," ಎಂದಳು. ಮೇಸ್ತ್ರಿ ಕೂಡಲೇ ನರ್ಸಮ್ಮನಿಗೆ ಫೋನು ಹಚ್ಚಿದ. ಅವರು ಮಲ್ಲಿಯ ಹತ್ತಿರ ಮಾತಾಡಿ, ಈ ಸಲ ನಿರ್ಧಾರವೇನೂ ಇಲ್ಲವೆಂದು ಖಚಿತಪಡಿಸಿಕೊಂಡು, ಮರುದಿನವೇ ಬರಲು ಹೇಳಿ, "ನೀವು ಬುದ್ಧಿ ಹೇಳಬೇಡಿ, ಸುಮ್ಮನೆ ಪಕ್ಕ ಕೂತಿರಿ," ಎಂದರು. ಕೂತ. ಅವಳಿಗೆ ನಿದ್ದೆ ಹತ್ತುವವರೆಗೂ ಕೂತೇ ಇದ್ದ.

ದಿನ ಕಳೆದಂತೆ ಕಲ್ಲಿನ ಭಾರ ಇಳಿಯಿತು. ಡಾಕ್ಟರು ಒಪ್ಪಿದ ಮೇಲೆ ಮೇಸ್ತ್ರಿ ಇಕ್ಕಳ ಹಿಡಿದು ಮಗಳ ಮುಂದೆ ನಿಂತ. "ಯಾವುದು ಕೀಳಲಿ, ಯಾವುದು ಬಿಡಲಿ? ನೀನೇ ಹೇಳು."

"ಕತ್ತರಿಸೋ ಮೇಜಿನ ಮೂಲೇದು ಇರಲಿ, ಅದು ನನ್ನ ಹುಬ್ಬು ತಿಂದಿದೆ," ಎಂದಳು ಮಲ್ಲಿ. "ಕಿಟಕೀದು ಕೀಳು. ಮೆಟ್ಟಿಲಿಂದು ಕೀಳು, ಪಾಪ, ಬಿಲ್ಲಿನವನು ಮತ್ತೆ ಬಿದ್ದಾನು."

ಬಚ್ಚಲಿಗೆ ಚಿಲಕ ಹಾಕುವುದು ಬೇಡವೆಂದು ಡಾಕ್ಟರೇ ಹೇಳಿದ್ದರು. ಅದರ ಬದಲು ಮಲ್ಲಿ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಇದೀನಿ' ಎಂದು ಬರೆದು ಬಾಗಿಲಿಗೆ ತೂಗುಹಾಕಿದಳು. ಅತ್ತೆಯ ಸ್ಟೂಲು ಅಡುಗೆಮನೆಗೆ ಹೋಯಿತು. ಹೊಲಿಗೆಯಕ್ಕ ಸೂಜಿ ಡಬ್ಬಿಯನ್ನು ವಾಪಸು ಮಡಿಲಿಗೆ ಹಾಕಿ, "ತಗೋ ತಾಯಿ, ಒಂದನ್ನೂ ಮುಟ್ಟಿಲ್ಲ. ನಿನ್ನ ಬೈಗುಳಕ್ಕೆ ಹೆದರಿಕೊಂಡು ಕಾಪಾಡಿದೀನಿ," ಎಂದಳು.

ಹಾಗಿರುವಾಗ ಒಂದು ದಿನ ಅಂಗಡಿಯಲ್ಲೇ ಮಲ್ಲಿಗೆ ಮತ್ತೆ ಫಿಟ್ಸ್ ಬಂತು. ನರ್ಸಮ್ಮ ಹೇಳಿಕೊಟ್ಟಿದ್ದಂತೆ ಹೊಲಿಗೆಯಕ್ಕ ಸುತ್ತಲಿನ ಸಾಮಾನು ಸರಿಸಿ, ತಲೆಯ ಕೆಳಗೆ ಬಟ್ಟೆ ಮಡಚಿಟ್ಟು, ಪಕ್ಕಕ್ಕೆ ಹೊರಳಿಸಿದಳು. ಕೈಕಾಲು ಅದುಮಿ ಹಿಡಿಯಲಿಲ್ಲ, ಬಾಯಿಗೆ ಏನೂ ತುರುಕಲಿಲ್ಲ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕೆಂದು ಗಡಿಯಾರ ನೋಡುತ್ತಾ ಕೂತಳು. ಅಷ್ಟರೊಳಗೆ ನಿಂತಿತು.

ಸಂಜೆ ಸುದ್ದಿ ಕೇಳಿ ಮೇಸ್ತ್ರಿ ಓಡಿಬಂದ. ಎಲ್ಲ ಮುಗಿಯಿತು, ಮತ್ತೆ ಮೊದಲಿನಿಂದ ಶುರು ಎಂದುಕೊಂಡು ಮಗಳ ಪಕ್ಕ ಕೂತ. ಹಳೆಯ ಪ್ರಶ್ನೆಗೆ ಉತ್ತರ ಗೊತ್ತಾಗಿಹೋಗಿತ್ತು. ಹೊಸದನ್ನು ಕೇಳಲು ಧೈರ್ಯವಿಲ್ಲ. ಆದರೂ ಕೇಳಿದ.

"ಮನಸ್ಸು ಹೆಂಗಿದೆಯಮ್ಮ?"

ಮಲ್ಲಿ ಹಣೆ ಒತ್ತಿಕೊಂಡಳು. "ತಲೆ ಸಿಡೀತಿದೆ ಅಪ್ಪ. ನಾಲಿಗೆ ಕಚ್ಕೊಂಡಿದೀನಿ. ಅಳುನೂ ಬರ್ತಿದೆ. ಆದರೆ ಬದುಕಿರಬೇಕು ಅನ್ನಿಸ್ತಿದೆ. ನಾಳೆ ಆ ದುಂಡು ಬೆನ್ನಿನ ಕುರ್ಚಿ ನಾನೇ ಹೊಲೀತೀನಿ. ನನ್ನ ಡಬ್ಬಿ ಯಾರೂ ಮುಟ್ಟಬೇಡಿ."

ಫಿಟ್ಸ್ ಬಂದಿದೆ, ಮಗಳು ಬದುಕಿರಬೇಕು ಎನ್ನುತ್ತಿದ್ದಾಳೆ. ಅಳಬೇಕೋ ನಗಬೇಕೋ ಮೇಸ್ತ್ರಿಗೆ ತಿಳಿಯಲಿಲ್ಲ. ಎರಡನ್ನೂ ಮಾಡಿದ.

ಈ ಕಥೆ ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮೂರ್ಛೆರೋಗ ಇರುವವರಿದ್ದರೆ ಇವತ್ತು ಅವರ ಪಕ್ಕ ಹೋಗಿ ಕೂತುಕೊಳ್ಳಿ. ಫಿಟ್ಸ್ ಬಂತಾ ಎಂದು ಕೇಳುವ ಹಾಗೆಯೇ ಮನಸ್ಸು ಹೇಗಿದೆ ಎಂದೂ ಕೇಳಿ. ಅವರು ಮಂಕಾಗಿದ್ದರೆ, ತಾನು ಭಾರ ಎನ್ನುತ್ತಿದ್ದರೆ, ನೆಚ್ಚಿನ ವಸ್ತುಗಳನ್ನು ಕೊಟ್ಟುಬಿಡುತ್ತಿದ್ದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗೆ ಇರುವುದು ಹೊರಗೆ ಬರಲು ದಾರಿಯಾಗುತ್ತದೆ. 'ಹೌದು' ಎಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ಅಪಾಯವಾಗುವಂಥದ್ದನ್ನು ದೂರವಿಟ್ಟು, ಅವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ, ಅದು ಎಲ್ಲಿಂದ ಬಂತು ಎಂದು ನಿಮಗೆ ತಿಳಿಯದಿದ್ದರೂ ಪರವಾಗಿಲ್ಲ, ಮಲ್ಲಿಗೂ ತಿಳಿದಿರಲಿಲ್ಲ. ಈಗಲೇ ನಂಬಿಕೆಯ ಒಬ್ಬರಿಗೆ, ನಿಮ್ಮ ನರ್ಸಿಗೆ, ಡಾಕ್ಟರಿಗೆ ಅಥವಾ ನಿಮ್ಮ ಕಡೆಯ ಸಹಾಯವಾಣಿಗೆ ಹೇಳಿಬಿಡಿ. ಯಾರಾದರೂ ಕೇಳಲಿ ಎಂದು ಕಾಯಬೇಡಿ. ನೀವು ಯಾರಿಗೂ ಭಾರವಲ್ಲ. ನಾಳೆ ನಿಮ್ಮ ಕೈಯೇ ಮಾಡಬೇಕಾದ ಕೆಲಸ ಒಂದಿದೆ.